ಹಗುರವೂ ಇರಬೇಕು, ಇಳಿಜಾರಿನಲ್ಲಿ ಧೈರ್ಯವೂ ಕೊಡಬೇಕು: 120 ಎಂಎಂ ಮೌಂಟನ್ ಬೈಕ್ ಆರಿಸುವುದು ಹೇಗೆ?

ಮೌಂಟನ್ ಬೈಕ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಸೈಕಲ್ಲನ್ನು ಎತ್ತಿ ನೋಡುವುದು. ಹಗುರ ಅನ್ನಿಸಿದರೆ ಮುಖ ಅರಳುತ್ತದೆ. ತೂಕ ಮುಖ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ತೂಕವನ್ನು ಎಲ್ಲಿ ಕಡಿಮೆ ಮಾಡಿದ್ದಾರೆ ಅನ್ನುವುದು ಅದಕ್ಕಿಂತ ಮುಖ್ಯ. ಫ್ರೇಮ್‌ನಲ್ಲಿ ಉಳಿಸಿದ ಅರ್ಧ ಕಿಲೋ ಏರಿನಲ್ಲಿ ಖುಷಿ ಕೊಡುತ್ತದೆ. ಟಯರ್ ಮತ್ತು ಬ್ರೇಕ್‌ನಲ್ಲಿ ಉಳಿಸಿದ ಅರ್ಧ ಕಿಲೋ ಇಳಿಜಾರಿನಲ್ಲಿ ಭಯ ಹುಟ್ಟಿಸುತ್ತದೆ. ಎತ್ತಿ ನೋಡಿದಾಗ ಇವೆರಡೂ ಒಂದೇ ಥರ ಕಾಣುತ್ತವೆ. ಅದೇ ತೊಂದರೆ.

ಈ ಬರಹ ಕ್ರಾಸ್ ಕಂಟ್ರಿ ಬೈಕಿನಂತೆ ಸಲೀಸಾಗಿ ಹತ್ತುವ, ಟ್ರೇಲ್ ಬೈಕಿನಂತೆ ನಂಬಿಕೆಯಿಂದ ಇಳಿಯುವ ಸೈಕಲ್‌ಗಳ ಬಗ್ಗೆ. ಇವುಗಳ ಟ್ರಾವೆಲ್, ಅಂದರೆ ಸಸ್ಪೆನ್ಷನ್ ಕುಗ್ಗುವ ಅಳತೆ, ಹಿಂದೆ ಸುಮಾರು 110ರಿಂದ 120 ಎಂಎಂ, ಮುಂದೆ 120 ಅಥವಾ 130. ಇಂಗ್ಲಿಷ್ ಮಾತಾಡುವ ರೈಡರ್‌ಗಳು ಇವನ್ನು ಡೌನ್‌ಕಂಟ್ರಿ ಅಂತ ಕರೆಯುತ್ತಾರೆ. ಕರ್ನಾಟಕದಲ್ಲಿ ಓಡಿಸುವವರಿಗೆ ಮುಖ್ಯವಾಗಿ ಇಳಿಯಲು ಮಾಡಿದ 150, 160 ಎಂಎಂ ಎಂಡ್ಯೂರೋ ಬೈಕ್‌ಗಿಂತ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಸರಳ. ಸೈಕಲ್ಲನ್ನು ತುದಿಗೆ ಹೊತ್ತೊಯ್ಯುವ ಚೇರ್‌ಲಿಫ್ಟ್ ನಮ್ಮಲ್ಲಿಲ್ಲ. ಎಷ್ಟು ಇಳಿಯಬೇಕೋ ಅಷ್ಟನ್ನೂ ತುಳಿದೇ ಹತ್ತಬೇಕು. ಟ್ರೇಲ್ ಮುಟ್ಟುವ ಮೊದಲು ಡಾಂಬರು ರಸ್ತೆಯಲ್ಲೂ ಒಂದಷ್ಟು ದೂರ ಹೋಗಬೇಕು. ಆದರೆ ಇಳಿಯುವ ಜಾಗ ಸಲೀಸಾಗಿರುವುದಿಲ್ಲ. ಬೆಂಗಳೂರಿನ ತುರಹಳ್ಳಿಯಲ್ಲಿ ಗ್ರಾನೈಟ್ ಬಂಡೆ, ಮಲೆನಾಡಿನ ಎಸ್ಟೇಟ್ ದಾರಿಗಳಲ್ಲಿ ಸಡಿಲ ಜಲ್ಲಿ, ಮಳೆ ಬಿದ್ದರೆ ಜಾರುವ ಕೆಂಪು ಮಣ್ಣು. ಹತ್ತುವುದು, ಇಳಿಯುವುದು ಎರಡಕ್ಕೂ ತಯಾರಿರಬೇಕು.

ಇಂಥ ಸೈಕಲ್ ಎರಡು ದಿಕ್ಕಿನಿಂದ ಬಂತು. ಇದನ್ನು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಒಂದು, ರೇಸ್ ಕಡೆಯಿಂದ. ಹಳೆಯ ಕ್ರಾಸ್ ಕಂಟ್ರಿ ಬೈಕ್ ಅಂದರೆ 100 ಎಂಎಂ ಟ್ರಾವೆಲ್, 70 ಡಿಗ್ರಿ ಆಸುಪಾಸಿನ ಹೆಡ್ ಆಂಗಲ್ (ಮುಂಭಾಗದ ಓರೆ), ಸಣ್ಣ ಟಯರ್, ಕೆಳಗಿಳಿಸಲಾಗದ ಸೀಟು. ಆಮೇಲೆ ವರ್ಲ್ಡ್ ಕಪ್ ಟ್ರ್ಯಾಕ್‌ಗಳು ಕಠಿಣವಾಗುತ್ತಾ ಹೋದವು. ಬಂಡೆಗಳ ಸಾಲು, ಎತ್ತರದ ಡ್ರಾಪ್‌ಗಳು, ಅಂದರೆ ಸೈಕಲ್ ಧುಮುಕಬೇಕಾದ ಮೆಟ್ಟಿಲುಗಳು, ಬಂದವು. ಟೋಕಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ರೇಸ್ 2021ರ ಜುಲೈನಲ್ಲಿ ಇಝುನಲ್ಲಿ ನಡೆಯಿತು. ಗೆಲ್ಲುವ ನೆಚ್ಚಿನವರಲ್ಲಿ ಒಬ್ಬರಾಗಿದ್ದ ಮ್ಯಾಥ್ಯೂ ವಾನ್ ಡರ್ ಪೋಲ್ ಶುರುವಿನಲ್ಲೇ ಒಂದು ಬಂಡೆಯ ಡ್ರಾಪ್‌ನಲ್ಲಿ ಮುಗ್ಗರಿಸಿ ಬಿದ್ದರು. ಅಭ್ಯಾಸದ ದಿನ ಅಲ್ಲಿದ್ದ ಹಲಗೆ ರೇಸ್ ದಿನ ಇರಲಿಲ್ಲ. ಚಿನ್ನ ಗೆದ್ದವರು ಬ್ರಿಟನ್‌ನ ಟಾಮ್ ಪಿಡ್‌ಕಾಕ್. ಈ ಮಟ್ಟದಲ್ಲೂ ಹತ್ತುವ ತಾಕತ್ತು ಒಂದೇ ಸಾಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ವರ್ಷ ಬಂದ ಸ್ಕಾಟ್ ಸ್ಪಾರ್ಕ್ ಆರ್‌ಸಿ, 2024ರಲ್ಲಿ ಬಂದ ಸ್ಪೆಷಲೈಜ್ಡ್ ಎಪಿಕ್ 8 ಮತ್ತು ಕ್ಯಾನನ್‌ಡೇಲ್ ಸ್ಕಾಲ್ಪೆಲ್, ಮೂರೂ ರೇಸ್ ಬೈಕ್‌ಗಳೇ. ಮೂರಕ್ಕೂ ಹಿಂದೆ ಮುಂದೆ 120 ಎಂಎಂ.

ಇನ್ನೊಂದು, ಟ್ರೇಲ್ ಬೈಕ್ ಕಡೆಯಿಂದ. ದೊಡ್ಡ ಬೈಕ್‌ಗಳ ಆಕಾರವನ್ನು ಹಾಗೇ ಇಟ್ಟುಕೊಂಡು ಟ್ರಾವೆಲ್ ಮತ್ತು ತೂಕ ಇಳಿಸಿದರು. 2020ರಲ್ಲಿ ಬಂದ ಟ್ರಾನ್ಸಿಷನ್ ಸ್ಪರ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾಗದದ ಮೇಲೆ ಈ ಎರಡು ಬಗೆಯ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ. ಓಡಿಸಿದಾಗ ಸ್ವಭಾವ ಬೇರೆ.

ತೂಕದ ಲೆಕ್ಕ

ಒಂದು ಕಿಲೋ ಅಂದರೆ ನಿಜವಾಗಿ ಎಷ್ಟು? ರೈಡರ್ 70 ಕಿಲೋ, ಸೈಕಲ್ 12, ನೀರು, ಹೆಲ್ಮೆಟ್, ಶೂ, ಟೂಲ್ ಸೇರಿ 3 ಅಂತ ಇಟ್ಟುಕೊಳ್ಳಿ. ಒಟ್ಟು 85. ಇದರಲ್ಲಿ ಒಂದು ಕಿಲೋ ಅಂದರೆ ನೂರಕ್ಕೆ 1.2ರಷ್ಟು. ಕಡಿದಾದ ಏರನ್ನು ಅದೇ ಶಕ್ತಿಯಲ್ಲಿ ಒಂದು ಗಂಟೆ ತುಳಿದರೆ ವ್ಯತ್ಯಾಸ ಸುಮಾರು 40 ಸೆಕೆಂಡ್. ಏರು ಕಡಿಮೆ ಇದ್ದಲ್ಲಿ ಇನ್ನೂ ಕಡಿಮೆ. ರೇಸ್ ಗೆಲ್ಲುವವರಿಗೆ 40 ಸೆಕೆಂಡ್ ದೊಡ್ಡದು. ಭಾನುವಾರ ಗೆಳೆಯರ ಜೊತೆ ಹೋಗುವವರಿಗೆ ನೀರು ಕುಡಿಯಲು ನಿಂತಷ್ಟು ಹೊತ್ತು.

ಈಗ ಆ ಒಂದು ಕಿಲೋ ಎಲ್ಲೆಲ್ಲಿ ಖರ್ಚಾಗುತ್ತದೆ ನೋಡಿ. ಮೊದಲು ಡ್ರಾಪರ್ ಪೋಸ್ಟ್, ಅಂದರೆ ಲಿವರ್ ಒತ್ತಿದರೆ ಕೆಳಗಿಳಿಯುವ ಸೀಟ್ ಪೋಸ್ಟ್. ಮಾಮೂಲಿ ಪೋಸ್ಟ್‌ಗಿಂತ 300ರಿಂದ 400 ಗ್ರಾಂ ಜಾಸ್ತಿ. ಇಳಿಜಾರಿನ ಭಯವನ್ನು ಇದಕ್ಕಿಂತ ಹೆಚ್ಚು ಕಡಿಮೆ ಮಾಡುವ ಬಿಡಿಭಾಗ ಇನ್ನೊಂದಿಲ್ಲ. ಸೀಟು ಕೆಳಗಿಳಿದರೆ ಮೈ ಕೆಳಗಿಳಿಯುತ್ತದೆ. ಸೊಂಟ ಹಿಂದೆ ಮುಂದೆ ಆಡಲು ಜಾಗ ಸಿಗುತ್ತದೆ. ಸೀಟು ಹೊಟ್ಟೆಗೆ ಬಡಿದು ಹ್ಯಾಂಡಲ್ ಮೇಲಿಂದ ಎಗರಿ ಬೀಳುವುದು ತಪ್ಪುತ್ತದೆ.

ಆಮೇಲೆ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಕವಲು. ರಾಕ್‌ಶಾಕ್ಸ್ ಕಂಪನಿ 2020ರಲ್ಲಿ ಸಿಡ್ ಫೋರ್ಕನ್ನು ಎರಡು ಮಾಡಿತು. ಸಿಡ್ ಎಸ್‌ಎಲ್‌ನಲ್ಲಿ 32 ಎಂಎಂ ಕೊಳವೆಗಳು, ಸಿಡ್‌ನಲ್ಲಿ 35 ಎಂಎಂ. ತೂಕದ ಅಂತರ ಸುಮಾರು 200 ಗ್ರಾಂ. ಬಂಡೆಗಳ ನಡುವೆ ಬ್ರೇಕ್ ಹಿಡಿದು ತಿರುಗಿಸುವಾಗ ಸಣ್ಣ ಫೋರ್ಕ್ ಬಾಗುತ್ತದೆ, ಚಕ್ರ ನೀವು ನೋಡಿದ ಕಡೆ ಹೋಗುವುದಿಲ್ಲ. ದಪ್ಪ ಫೋರ್ಕ್ ಇದ್ದರೆ ಹೋಗುತ್ತದೆ. ಫಾಕ್ಸ್ ಕಂಪನಿಯಲ್ಲಿ ಇದೇ ಕೆಲಸಕ್ಕೆ 34 ಎಂಎಂ ಕೊಳವೆಯ ಹಗುರ ಫೋರ್ಕ್ ಇದೆ. ನಿಮ್ಮ ತೂಕ 75 ಕಿಲೋ ದಾಟಿದ್ದರೆ ಈ ವಿಷಯದಲ್ಲಿ ರಾಜಿ ಆಗಬೇಡಿ.

ಬ್ರೇಕ್‌ಗೆ ಬಂದರೆ, ಹಗುರ ಬೈಕ್‌ಗಳಲ್ಲಿ ಎರಡು ಪಿಸ್ಟನ್ ಕ್ಯಾಲಿಪರ್ ಮತ್ತು 160 ಎಂಎಂ ಡಿಸ್ಕ್ ಸಾಮಾನ್ಯ. ನಾಲ್ಕು ಪಿಸ್ಟನ್, 180 ಎಂಎಂ ಡಿಸ್ಕ್‌ಗೆ ಬದಲಿಸಿದರೂ ಒಟ್ಟು 200 ಗ್ರಾಂ ಮೀರುವುದಿಲ್ಲ. ಘಟ್ಟದ ಉದ್ದ ಇಳಿಜಾರಿನಲ್ಲಿ ಬೆರಳು ನೋಯದೆ, ಬ್ರೇಕ್ ಕಾದು ಸಡಿಲವಾಗದೆ ಕೆಳಗೆ ಬರಬಹುದು. ಬಜೆಟ್ ಸಾಲದಿದ್ದರೆ ಮುಂದಿನ ಡಿಸ್ಕ್ ಒಂದನ್ನಾದರೂ 180 ಮಾಡಿಸಿ.

ಕೊನೆಗೆ ಟಯರ್. ಮ್ಯಾಕ್ಸಿಸ್ ರೆಕಾನ್ ರೇಸ್, ಆಸ್ಪೆನ್ ಥರದ ರೇಸ್ ಟಯರ್ ಒಣ ಗಟ್ಟಿ ನೆಲದಲ್ಲಿ ಗಾಳಿಯಂತೆ ಓಡುತ್ತದೆ. ಸಡಿಲ ಜಲ್ಲಿಯಲ್ಲಿ ಹಿಡಿತ ತಪ್ಪುತ್ತದೆ. ಮುಂದೆ ರೆಕಾನ್, ಫೋರ್‌ಕಾಸ್ಟರ್ ಅಥವಾ ಡಿಸೆಕ್ಟರ್, ಹಿಂದೆ ಬೇಕಾದರೆ ರೆಕಾನ್ ರೇಸ್. ಅಗಲ 2.4 ಇಂಚು. ಒಂದು ಟಯರ್‌ಗೆ ನೂರು ಗ್ರಾಂ ಜಾಸ್ತಿ ಆಗಬಹುದು. ತಿರುಗುವ ತೂಕವಾದ್ದರಿಂದ ಈ ನೂರು ಗ್ರಾಂ ಸ್ವಲ್ಪ ಗೊತ್ತಾಗುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಮುಂದಿನ ಟಯರ್‌ನಲ್ಲಿ ತೂಕ ಉಳಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು. ಮುಂದಿನದು ಜಾರಿದರೆ ನೆಲಕ್ಕೇ ಬೀಳುವುದು.

ಕೂಡಿಸಿ ನೋಡಿ. ಹೆಚ್ಚು ಕಡಿಮೆ ಒಂದು ಕಿಲೋ. ಒಂದು ಗಂಟೆ ಏರಿಗೆ 40 ಸೆಕೆಂಡ್ ಕೊಟ್ಟು ಇಡೀ ಇಳಿಜಾರನ್ನು ಕೊಂಡಂತೆ. ನನಗೆ ಇದಕ್ಕಿಂತ ಲಾಭದ ವ್ಯಾಪಾರ ಕಾಣುವುದಿಲ್ಲ.

ಬದಲಿಸಲಾಗದ್ದನ್ನು ಮೊದಲು ನೋಡಿ

ಟಯರ್, ಬ್ರೇಕ್, ಡ್ರಾಪರ್ ಇವೆಲ್ಲ ಆಮೇಲೆ ಬದಲಿಸಬಹುದು. ಫ್ರೇಮಿನ ಆಕಾರ ಬದಲಿಸಲಾಗದು. ಹೀಗಾಗಿ ದುಡ್ಡು ಕಮ್ಮಿ ಇದ್ದಾಗ ಒಳ್ಳೆಯ ಫ್ರೇಮ್, ಸಾಧಾರಣ ಬಿಡಿಭಾಗ ಇರುವ ಸೈಕಲ್ ಆರಿಸಿ. ಕೆಟ್ಟ ಆಕಾರದ ಫ್ರೇಮಿಗೆ ದುಬಾರಿ ಗೇರ್ ಹಾಕಿದ್ದನ್ನು ಬಿಡಿ.

ಆಕಾರದಲ್ಲಿ ಮೊದಲು ನೋಡಬೇಕಾದ್ದು ಹೆಡ್ ಆಂಗಲ್, ಅಂದರೆ ಫೋರ್ಕ್ ಎಷ್ಟು ಓರೆಯಾಗಿ ಮುಂದೆ ಚಾಚಿದೆ ಅನ್ನುವುದು. ಅಂಕಿ ಕಡಿಮೆಯಾದಷ್ಟೂ ಓರೆ ಜಾಸ್ತಿ. ಚಕ್ರ ನಿಮ್ಮಿಂದ ಮುಂದೆ ಇದ್ದಾಗ ಕಡಿದಾದ ಜಾಗದಲ್ಲಿ ಮುಗ್ಗರಿಸುವ ಭಯ ಕಡಿಮೆ, ವೇಗದಲ್ಲಿ ಹ್ಯಾಂಡಲ್ ಅಲುಗಾಡುವುದಿಲ್ಲ. ಹಾಗಂತ ಓರೆ ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲ್ಲ. ನಿಧಾನವಾಗಿ ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಸೈಕಲ್ ಉದ್ದ ಅನ್ನಿಸುತ್ತದೆ. ಈ ವರ್ಗಕ್ಕೆ 66 ಡಿಗ್ರಿ ಹದವಾದ ಅಂಕಿ. 67 ದಾಟಿದರೆ ರೇಸ್ ಕಡೆ ವಾಲಿದೆ, 65ಕ್ಕೆ ಬಂದರೆ ಟ್ರೇಲ್ ಕಡೆ ವಾಲಿದೆ ಅಂತ ತಿಳಿಯಿರಿ. ಸೀಟ್ ಟ್ಯೂಬಿನ ಕೋನ 75, 76 ಡಿಗ್ರಿ ಇದ್ದರೆ ಹತ್ತುವಾಗ ತೂಕ ಪೆಡಲ್ ಮೇಲೆ ಬೀಳುತ್ತದೆ. ಸೀಟ್ ಟ್ಯೂಬ್ ಗಿಡ್ಡವಾಗಿರಲಿ, ವಿಶೇಷವಾಗಿ ಎತ್ತರ ಕಡಿಮೆ ಇರುವವರಿಗೆ. ಅದು ಉದ್ದವಿದ್ದರೆ ಸಾಕಷ್ಟು ಕೆಳಗಿಳಿಯುವ ಡ್ರಾಪರ್ ಹಾಕಲು ಆಗುವುದಿಲ್ಲ.

ಸ್ಪರ್ ಅಥವಾ ಬ್ಲರ್?

ಇವೆರಡನ್ನು ಪಕ್ಕಪಕ್ಕ ಇಟ್ಟರೆ ಇಡೀ ವಿಷಯ ಅರ್ಥವಾಗುತ್ತದೆ. ಟ್ರಾನ್ಸಿಷನ್ ಸ್ಪರ್‌ಗೆ ಮುಂದೆ ಹಿಂದೆ 120 ಎಂಎಂ, 66 ಡಿಗ್ರಿ ಹೆಡ್ ಆಂಗಲ್, 35 ಎಂಎಂ ಸಿಡ್ ಫೋರ್ಕ್. ಕಂಪನಿ ಹೇಳಿದ ಫ್ರೇಮ್ ತೂಕ ಶಾಕ್ (ಹಿಂದಿನ ಸಸ್ಪೆನ್ಷನ್) ಸೇರಿ ಸುಮಾರು 2.45 ಕಿಲೋ. ಸಾಂಟಾ ಕ್ರೂಜ್ ಬ್ಲರ್ ಟಿಆರ್‌ಗೆ ಹಿಂದೆ 115, ಮುಂದೆ 120, ಕೋನ 67.1 ಡಿಗ್ರಿ. ಎರಡೂ ಕಾರ್ಬನ್. ಎರಡರಲ್ಲೂ ಹಿಂದಿನ ಚಕ್ರದ ಬಳಿ ಕೀಲು ಇಲ್ಲ. ಅಲ್ಲಿನ ತೆಳು ಕಾರ್ಬನ್ ಕೊಳವೆಯೇ ಒಂಚೂರು ಬಾಗಿ ಕೀಲಿನ ಕೆಲಸ ಮಾಡುತ್ತದೆ. ತೂಕವೂ ಉಳಿಯುತ್ತದೆ, ಕೆಸರು ತುಂಬಿ ಹಾಳಾಗುವ ಬೇರಿಂಗ್‌ಗಳೂ ಕಡಿಮೆ. ನಮ್ಮ ಮಳೆಗಾಲಕ್ಕೆ ಇದು ನಿಜವಾದ ಅನುಕೂಲ.

ಹಾಗಾದರೆ ವ್ಯತ್ಯಾಸ? ಬ್ಲರ್ ಚುರುಕು. ತಟ್ಟನೆ ತಿರುಗುತ್ತದೆ, ಪೆಡಲ್ ಒತ್ತಿದೊಡನೆ ಜಿಗಿಯುತ್ತದೆ. ಅದರ ಮೂಲ ರೇಸ್ ಬೈಕ್, ಅದು ಎಲ್ಲೂ ಮರೆಯಾಗುವುದಿಲ್ಲ. ಸ್ಪರ್ ಉದ್ದ, ಓರೆ, ಸಮಾಧಾನಿ. ಇಳಿಜಾರು ಕಡಿದಾದಾಗ ಬ್ಲರ್ ನಿಮ್ಮ ಕೌಶಲ ಕೇಳುತ್ತದೆ, ಸ್ಪರ್ ನಿಮಗೆ ಕೊಂಚ ಸಮಯ ಕೊಡುತ್ತದೆ. ವರ್ಷಕ್ಕೆ ಒಂದೆರಡು ಮ್ಯಾರಥಾನ್ ರೇಸ್ ಮಾಡುವವರು, ಇಳಿಯುವ ಕಲೆ ಚೆನ್ನಾಗಿ ಗೊತ್ತಿರುವವರು ಬ್ಲರ್ ತೆಗೆದುಕೊಳ್ಳಲಿ. ಉಳಿದ ಎಲ್ಲರಿಗೂ ನನ್ನ ಮತ ಸ್ಪರ್‌ಗೆ. ಒಂದು ಎಚ್ಚರಿಕೆ ಮಾತ್ರ. ಸ್ಪರ್‌ನ ಆಕಾರ ಕೊಡುವ ಧೈರ್ಯ ಅದರ 120 ಎಂಎಂ ಸಸ್ಪೆನ್ಷನ್‌ಗಿಂತ ದೊಡ್ಡದು. ವೇಗ ತಾನಾಗಿ ಏರುತ್ತದೆ. ದೊಡ್ಡ ಡ್ರಾಪ್‌ಗಳಲ್ಲಿ ಸಸ್ಪೆನ್ಷನ್ ಪೂರ್ತಿ ಕುಗ್ಗಿ ತಳ ಮುಟ್ಟುತ್ತದೆ.

ಎಪಿಕ್ 8 ಇವೆರಡರ ನಡುವೆ ಬರುತ್ತದೆ, ಸಾಮರ್ಥ್ಯದಲ್ಲಿ ಎರಡನ್ನೂ ಮುಟ್ಟುತ್ತದೆ. ರೇಸ್ ಬೈಕ್ ಆಗಿದ್ದೂ ಕೋನ 66ರ ಆಸುಪಾಸು. ಹಳೆಯ ಎಪಿಕ್‌ಗಳಲ್ಲಿದ್ದ ಬ್ರೇನ್ ಅನ್ನುವ ತಾನಾಗಿ ಬಿಗಿಯಾಗುವ ವ್ಯವಸ್ಥೆಯನ್ನು ಇದರಲ್ಲಿ ಕೈಬಿಟ್ಟಿದ್ದಾರೆ. ಫ್ರೇಮ್ ಒಳಗೆ ಟ್ಯೂಬ್, ಟೂಲ್ ಇಡುವ ಜಾಗ ಇದೆ. ಇದರದ್ದೇ ಈವೊ ಮಾದರಿಯಲ್ಲಿ ಅದೇ ಫ್ರೇಮ್, ಆದರೆ 130 ಎಂಎಂ ಫೋರ್ಕ್. ಕೊಳ್ಳುವ ಶಕ್ತಿ ಇದ್ದರೆ, ಬೇಕಾದಾಗ ರೇಸ್ ಕೂಡ ಮಾಡುವೆ ಅನ್ನುವವರಿಗೆ ಈವೊ ತುಂಬಾ ಒಳ್ಳೆಯ ಆಯ್ಕೆ. ಹಳೆಯ ಎಪಿಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಬ್ರೇನ್ ಇದೆಯಾ ನೋಡಿ. ಇದ್ದರೆ ಅದರ ಸರ್ವಿಸ್ ಎಲ್ಲಿ ಮಾಡಿಸುತ್ತೀರಿ ಅನ್ನುವುದು ಗೊತ್ತಾಗುವವರೆಗೆ ಮುಂಗಡ ಕೊಡಬೇಡಿ.

ಟಾಪ್ ಫ್ಯೂಯೆಲ್ ಮತ್ತು ಸ್ಪಾರ್ಕ್

ಭಾರತದಲ್ಲಿ ಟ್ರೆಕ್, ಸ್ಕಾಟ್, ಜೈಂಟ್‌ಗೆ ಡೀಲರ್‌ಗಳಿದ್ದಾರೆ. ಈ ವರ್ಗದ ಸೈಕಲ್ ಅಂಗಡಿಯಲ್ಲಿ ನಿಂತಿರುವುದು ಅಪರೂಪ, ಹೆಚ್ಚಾಗಿ ಆರ್ಡರ್ ಮಾಡಿಯೇ ತರಿಸಬೇಕು. ಆದರೂ ವಾರಂಟಿ ಮತ್ತು ಬಿಡಿಭಾಗದ ದೃಷ್ಟಿಯಿಂದ ಇಲ್ಲಿರುವವರಿಗೆ ಹೆಚ್ಚು ಕೈಗೆಟುಕುವವು ಇವೇ.

2024ರ ಟ್ರೆಕ್ ಟಾಪ್ ಫ್ಯೂಯೆಲ್‌ಗೆ ಹಿಂದೆ 120, ಮುಂದೆ 130. ಶಾಕ್ ಸೇರುವ ಜಾಗದಲ್ಲಿ ನಾಲ್ಕು ರೀತಿ ಕೂರಿಸಬಹುದಾದ ತುಂಡೊಂದಿದೆ. ಅದನ್ನು ತಿರುಗಿಸಿ ಕೋನವನ್ನೂ, ಸಸ್ಪೆನ್ಷನ್ ಎಷ್ಟು ಬೇಗ ಬಿಗಿಯಾಗಬೇಕು ಅನ್ನುವುದನ್ನೂ ಬದಲಿಸಬಹುದು. ಆಮೇಲೆ ಹೆಚ್ಚು ಕುಗ್ಗುವ (ಉದ್ದ ಸ್ಟ್ರೋಕ್) ಶಾಕ್ ಹಾಕಿದರೆ ಹಿಂದೆಯೂ 130 ಆಗುತ್ತದೆ. ಅಲ್ಯೂಮಿನಿಯಂನಲ್ಲೂ ಸಿಗುತ್ತದೆ. ಅಲ್ಯೂಮಿನಿಯಂ ಆದರೆ ತೂಕ 14 ಕಿಲೋ ದಾಟುತ್ತದೆ, ಹಗುರ ಅನ್ನಲು ಬರುವುದಿಲ್ಲ. ಆದರೆ ಮೇಲೆ ಮಾಡಿದ ಲೆಕ್ಕ ನೆನಪಿರಲಿ. ಇಲ್ಲಿ ಹೆಚ್ಚಿದ ತೂಕದ ಒಂದು ಪಾಲು ಚಕ್ರಗಳಲ್ಲೂ ಟಯರ್‌ಗಳಲ್ಲೂ ಇರುತ್ತದೆ. ಮುಂದೊಂದು ದಿನ ಹಗುರ ಚಕ್ರ ಹಾಕಿಸಿದರೆ ಸೈಕಲ್ಲಿನ ನಡವಳಿಕೆಯೇ ಬದಲಾಗುತ್ತದೆ. ಮೊದಲ ಫುಲ್ ಸಸ್ಪೆನ್ಷನ್ ಕೊಳ್ಳುತ್ತಿರುವ ಬೆಂಗಳೂರಿನವರಿಗೆ ನಾನು ಹೇಳುವುದು ಇದನ್ನೇ.

ಸ್ಕಾಟ್ ಸ್ಪಾರ್ಕ್‌ನ ಜಾಣತನ ಬೇರೆ ಕಡೆ ಇದೆ. ಹ್ಯಾಂಡಲ್ ಮೇಲಿನ ಒಂದು ಲಿವರ್‌ನಿಂದ ಫೋರ್ಕ್ ಮತ್ತು ಶಾಕ್ ಎರಡನ್ನೂ ಒಟ್ಟಿಗೆ ಮೂರು ಹಂತಕ್ಕೆ ಬದಲಿಸಬಹುದು. ಪೂರ್ತಿ ಸಡಿಲ, ನಡುವಿನ ಹಂತ, ಪೂರ್ತಿ ಬಿಗಿ. ಡಾಂಬರು ರಸ್ತೆಯಲ್ಲಿ ತುಂಬಾ ದೂರ ಹೋಗಿ ಟ್ರೇಲ್ ಸೇರುವವರಿಗೆ ಇದು ವರ. ರೇಸ್ ಮಾದರಿಯಾದ ಆರ್‌ಸಿ ಬೇಡ, 130 ಎಂಎಂ ಫೋರ್ಕ್ ಇರುವ 900 ಸರಣಿ ನೋಡಿ. ಹ್ಯಾಂಡಲ್ ತಿರುಗುವ ಕೀಲಾದ ಹೆಡ್‌ಸೆಟ್‌ನ ಕಪ್ ತಿರುಗಿಸಿ ಕೋನ ಬದಲಿಸುವ ಸೌಲಭ್ಯವೂ ಇದೆ. ಸಮಸ್ಯೆ ನಿರ್ವಹಣೆಯದು. ಶಾಕ್ ಫ್ರೇಮಿನ ಒಳಗೆ ಅಡಗಿದೆ. ಕೇಬಲ್‌ಗಳು ಹೆಡ್‌ಸೆಟ್ ಮೂಲಕ ಒಳಹೋಗುತ್ತವೆ, ಹಾಗಾಗಿ ಒಂದು ಬೇರಿಂಗ್ ಬದಲಿಸಲೂ ತುಂಬಾ ಬಿಚ್ಚಬೇಕು. ಪೆಡಲ್‌ಗಳ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಪ್ರೆಸ್-ಫಿಟ್, ಅಂದರೆ ತಿರುಪಿಲ್ಲದೆ ಒತ್ತಿ ಕೂರಿಸಿದ್ದು, ಧೂಳು ನೀರು ಸೇರಿದರೆ ಕಿರ್ ಎನ್ನುವ ಸಾಧ್ಯತೆ ಹೆಚ್ಚು. ಸ್ಪರ್, ಬ್ಲರ್, ಎಪಿಕ್ 8, ಟಾಪ್ ಫ್ಯೂಯೆಲ್ ನಾಲ್ಕರಲ್ಲೂ ಥ್ರೆಡ್ ಇರುವ ಬಾಟಮ್ ಬ್ರಾಕೆಟ್. ಒಳ್ಳೆಯ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಸ್ಪಾರ್ಕ್, ಇಲ್ಲದಿದ್ದರೆ ಟಾಪ್ ಫ್ಯೂಯೆಲ್.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಆಯ್ಕೆ ಇನ್ನೂ ವಿಶಾಲ. ಅಲ್ಲಿ ರಾಕಿ ಮೌಂಟನ್ ಎಲಿಮೆಂಟ್ ಅನ್ನೂ ಓಡಿಸಿ ನೋಡಿ. 120 ಮತ್ತು 130 ಎಂಎಂ, ಕೋನವನ್ನು 65 ಡಿಗ್ರಿವರೆಗೆ ಇಳಿಸಬಹುದು. ಈ ಗುಂಪಿನಲ್ಲಿ ಇಳಿಯುವುದರಲ್ಲಿ ಇದು ಮುಂದು. ಅಲ್ಲಿಂದ ಊರಿಗೆ ಸೈಕಲ್ ತರುವ ಯೋಚನೆ ಇದ್ದರೆ ಗೇರ್ ಹ್ಯಾಂಗರ್, ಅಂದರೆ ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಯಾವುದು ಅಂತ ನೋಡಿ. ಯುಡಿಎಚ್ ಮಾದರಿಯಾದರೆ ಹಲವು ಕಂಪನಿಯ ಸೈಕಲ್‌ಗಳಿಗೆ ಒಂದೇ ಹ್ಯಾಂಗರ್ ಸರಿಹೊಂದುತ್ತದೆ, ಹುಡುಕಾಟ ತಪ್ಪುತ್ತದೆ. ಅಲ್ಲದಿದ್ದರೆ ಬರುವಾಗಲೇ ಎರಡು ಹೆಚ್ಚುವರಿ ಹ್ಯಾಂಗರ್ ಬ್ಯಾಗಿಗೆ ಹಾಕಿಕೊಳ್ಳಿ. ವಾರಂಟಿ ಇಲ್ಲಿ ನಡೆಯುತ್ತದಾ ಅನ್ನುವುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ಈ ಯಾವುದಕ್ಕೂ ಬಜೆಟ್ ಒಗ್ಗದಿದ್ದರೆ? ಅಗ್ಗದ ಫುಲ್ ಸಸ್ಪೆನ್ಷನ್ ಕೊಳ್ಳಬೇಡಿ. ಅದು ಭಾರ, ಅದರ ಶಾಕ್ ಬೇಗ ಸೋರುತ್ತದೆ. ಅದೇ ದುಡ್ಡಿಗೆ 120 ಎಂಎಂ ಏರ್ ಫೋರ್ಕ್, 66-67 ಡಿಗ್ರಿ ಕೋನ, ಡ್ರಾಪರ್, ಅಗಲ ಟಯರ್ ಇರುವ ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್, ಬರುತ್ತದೆ. ತುರಹಳ್ಳಿಗೆ ಅದು ಧಾರಾಳ ಸಾಕು, ಕಲಿಯಲೂ ಅದೇ ಒಳ್ಳೆಯದು.

ಕೊಂಡ ಮೇಲೆ

ಸಸ್ಪೆನ್ಷನ್‌ಗೆ ಗಾಳಿ ತುಂಬುವ ಶಾಕ್ ಪಂಪ್ ಸೈಕಲ್ ಜೊತೆಗೇ ಕೊಳ್ಳಿ. 120 ಎಂಎಂ ಬೈಕಿನಲ್ಲಿ ಟ್ರಾವೆಲ್ ಕಡಿಮೆ, ಹೀಗಾಗಿ ಸೆಟಪ್ ತಪ್ಪಿದರೆ ಬೇಗ ಗೊತ್ತಾಗುತ್ತದೆ. ನೀರು, ಶೂ ಎಲ್ಲ ಹಾಕಿಕೊಂಡು ಸೈಕಲ್ ಮೇಲೆ ಕೂತಾಗ ಹಿಂದಿನ ಶಾಕ್ ನೂರಕ್ಕೆ 25ರಿಂದ 30, ಫೋರ್ಕ್ 20ರಷ್ಟು ಕುಗ್ಗಬೇಕು. ಟ್ಯೂಬ್‌ಲೆಸ್ ಮಾಡಿಸಿ, ಸೀಲೆಂಟ್ ಹಾಕಿಸಿ. 70 ಕಿಲೋ ತೂಗುವವರು ಮುಂದೆ 20, ಹಿಂದೆ 22 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ. ರಿಮ್ ಬಂಡೆಗೆ ಬಡಿದ ಸದ್ದು ಕೇಳಿದರೆ ಒಂದು ಪಿಎಸ್‌ಐ ಏರಿಸಿ, ಬಡಿಯದಿದ್ದರೆ ಇಳಿಸಿ ನೋಡಿ. ಅಂಗಡಿಯವರು ತುಂಬಿಸಿ ಕೊಡುವ 35, 40 ಪಿಎಸ್‌ಐನಲ್ಲೇ ಓಡಿಸಿ ಸೈಕಲ್ ಸರಿಯಿಲ್ಲ ಅನ್ನುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಸೈಕಲ್ ಅಷ್ಟು ಚೆನ್ನಾಗಿರುತ್ತದೆ.

ರಾಕ್‌ಶಾಕ್ಸ್ ಫೋರ್ಕ್ ಆದರೆ 50 ಗಂಟೆಗೊಮ್ಮೆ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಬೇಕು. ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಹೇಳುತ್ತದೆ. ಮಳೆಗಾಲದಲ್ಲಿ ಸಕಲೇಶಪುರ, ಚಿಕ್ಕಮಗಳೂರು ಕಡೆ ಓಡಿಸುವವರು ಇದಕ್ಕಿಂತ ಬೇಗ ಮಾಡಿಸಿ. ಕೆಂಪು ಮಣ್ಣು ಸೀಲ್ ಒಳಗೆ ಸೇರಿದರೆ ಕೊಳವೆಯ ಮೇಲಿನ ಲೇಪನ ಸವೆಯುತ್ತದೆ, ಆಮೇಲೆ ಆ ಭಾಗವನ್ನೇ ಬದಲಿಸಬೇಕಾಗುತ್ತದೆ. ರೈಡ್ ಮುಗಿದ ಮೇಲೆ ಸೀಲ್ ಒರೆಸಲು ಒಂದು ಬಟ್ಟೆ ಸಾಕು. ವಾಟರ್ ಸರ್ವಿಸ್ ಅಂಗಡಿಯ ಜೋರು ನೀರನ್ನು ಮಾತ್ರ ಬೇರಿಂಗ್‌ಗಳಿಗೆ ಹೊಡೆಸಬೇಡಿ.